ಸಕ್ಕರೆ ಡಬ್ಬಿಯ ತೂಕ

ಡಾಕ್ಟರು ರಿಪೋರ್ಟಿನ ಮೇಲೆ ಪೆನ್ನಿನಿಂದ ಒಂದು ಸುತ್ತು ಹಾಕಿ ನಮ್ಮ ಕಡೆ ತಿರುಗಿಸಿದರು. ಸುತ್ತಿನೊಳಗೆ 8.4 ಇತ್ತು. ಹಿಂದಿನ ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಎಂದು ಹೇಳುವ ಪರೀಕ್ಷೆ ಅದು. ಏಳರೊಳಗಿದ್ದರೆ ಒಳ್ಳೆಯದು. ಆರು ತಿಂಗಳ ಹಿಂದೆ 7.1 ಬಂದಿತ್ತು, ಮೂರು ತಿಂಗಳ ಹಿಂದೆ 7.8. ಈ ಸಲವೂ ಇಳಿಯದಿದ್ದರೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಗುತ್ತದೆ ಎಂದು ಹೋದ ಸಲವೇ ಎಚ್ಚರಿಸಿದ್ದರು.

"ಏನಮ್ಮಾ, ಏನೇನು ತಿಂದ್ರಿ?" ಎಂದು ಕೇಳಿದರು.

"ಏನೂ ತಿಂದಿಲ್ಲ," ಎಂದಳು ಅಕ್ಕ.

"ರಿಪೋರ್ಟ್ ಸುಳ್ಳು ಹೇಳಲ್ಲಮ್ಮ."

"ಹಾಗಾದ್ರೆ ನಾನು ಹೇಳ್ತಿದೀನಾ?"

ಡಾಕ್ಟರು ನನ್ನ ಮುಖ ನೋಡಿದರು. ಮನೆಯವರು ಯಾರಾದರೂ ಜೊತೆಗಿದ್ದರೆ ಹೀಗೆ ನೋಡುವುದು ಅವರ ಅಭ್ಯಾಸ, ನಿಜ ನೀವಾದರೂ ಹೇಳಿ ಎನ್ನುವ ಹಾಗೆ. ನಾನು ನೆಲ ನೋಡಿದೆ. ಆ ಹೊತ್ತಿನಲ್ಲಿ ನೆಲ ನೋಡುವುದೆಂದರೆ ಹೌದು ಎಂದಂತೆಯೇ ಎಂಬುದು ನನಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು, ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಕ್ಕನಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಈ ಮನೆಗೆ ಬಂದು ಹದಿನಾರು ವರ್ಷ ಅವಳ ಜೊತೆ ಒಂದೇ ಒಲೆಯ ಮುಂದೆ ನಿಂತಿದ್ದೇನೆ. ನಮ್ಮದು ತಕ್ಕಡಿ ರಿಪೇರಿ ಮಾಡುವ ಮನೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಿರಿದಾದ ಕಬ್ಬಿಣದ ಮೆಟ್ಟಿಲು. ಮಾರುಕಟ್ಟೆಯ ಎಲ್ಲ ತಕ್ಕಡಿಗಳೂ ಒಂದಲ್ಲ ಒಂದು ದಿನ ನಮ್ಮ ಬೆಂಚಿನ ಮೇಲೆ ಬಂದು ಮಲಗುತ್ತವೆ. ತರಕಾರಿಯವರ ತೂಗು ತಕ್ಕಡಿ, ಗುಜರಿಯವರ ದೊಡ್ಡ ಕಾಟಾ, ಚಿನ್ನ ಬೆಳ್ಳಿಯವರ ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ತಕ್ಕಡಿ. ಮೊದಲು ಮಾವ ಮಾಡುತ್ತಿದ್ದರು, ಆಮೇಲೆ ಭಾವ. ಒಂಬತ್ತು ವರ್ಷದ ಹಿಂದೆ ಭಾವ ತೀರಿಕೊಂಡರು. ಹನ್ನೆರಡನೆಯ ದಿನ ಅಕ್ಕ ಮೆಟ್ಟಿಲಿಳಿದು ಹೋಗಿ ಅವರ ಸ್ಟೂಲಿನ ಮೇಲೆ ಕೂತಳು. ನನ್ನ ಗಂಡನಿಗೆ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಹೊತ್ತು ತರುವುದು ಗೊತ್ತು, ಬಿಚ್ಚಿದ್ದನ್ನು ಮತ್ತೆ ಜೋಡಿಸುವುದು ಗೊತ್ತಿಲ್ಲ. ಮಾವನೇ ಪಕ್ಕದಲ್ಲಿ ಕೂತು ಅಕ್ಕನಿಗೆ ಕೆಲಸ ಕಲಿಸಿದರು. ಎರಡೇ ವರ್ಷದಲ್ಲಿ ಅವಳು ಮಾವನ ತಪ್ಪು ಹಿಡಿಯುವಷ್ಟಾದಳು.

ಮಾರುಕಟ್ಟೆಯವರು ಅವಳಿಗೆ ಗುಲಗಂಜಿ ಎಂದು ಹೆಸರಿಟ್ಟಿದ್ದಾರೆ. ಹಿಂದೆ ಚಿನ್ನ ತೂಗಲು ಬಳಸುತ್ತಿದ್ದ ಆ ಕೆಂಪು ಬೀಜದಷ್ಟು ವ್ಯತ್ಯಾಸ ಇದ್ದರೂ ತಕ್ಕಡಿಯನ್ನು ಅಂಗಡಿಯಿಂದ ಆಚೆ ಬಿಡುವವಳಲ್ಲ. "ಪರವಾಗಿಲ್ಲ ಬಿಡಕ್ಕಾ, ಇಷ್ಟು ಸಾಕು," ಎಂದವರಿಗೆ, ಹಾಗಾದರೆ ನಿಮಗೆ ಬರಬೇಕಾದ ದುಡ್ಡಿನಲ್ಲೂ ಇಷ್ಟು ಹಿಡಿದುಕೊಂಡರೆ ಸಾಕೇ ಎಂದು ಕೇಳಿ ಬಾಯಿ ಮುಚ್ಚಿಸಿದ್ದಾಳೆ.

ಆ ಅಂಗಡಿಯಲ್ಲಿ ಒಂದು ಕಟ್ಟುಪಾಡಿದೆ. ತಕ್ಕಡಿ ತಪ್ಪು ತೂಗುತ್ತದೆ, ಅಂಗಡಿಯವನು ಮೋಸಗಾರ ಎಂದು ಯಾರಾದರೂ ಜಗಳ ಮಾಡಿಕೊಂಡು ಬಂದರೆ, ಮೊದಲು ತೂಕದ ಬಟ್ಟು ನೋಡಬೇಕು. ಬಟ್ಟು ಸರಿಯಿದ್ದರೆ ತಕ್ಕಡಿ ನೋಡಬೇಕು. ತಕ್ಕಡಿಯೂ ಸರಿಯಿದ್ದರೆ ತೂಗಿದ ಮಾಲು ನೋಡಬೇಕು. ಮೂರನ್ನೂ ನೋಡಿ ಮುಗಿಸುವ ತನಕ ಮನುಷ್ಯನ ಮೇಲೆ ಬೆರಳು ತೋರಿಸಬಾರದು. ಮಾವ ಇದನ್ನು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು, ಹೇಳಿ ಕೊನೆಗೆ "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ಸೇರಿಸುತ್ತಿದ್ದರು. ಹೀಗೆ ಊರಿನ ವ್ಯಾಪಾರಿಗಳಿಗೆಲ್ಲ ನ್ಯಾಯ ಹೇಳಿದ ಮನೆ ನಮ್ಮದು. ಮನೆಯೊಳಗೆ ಮಾಡಿದ್ದು ಏನು ಎಂದು ಈಗ ಹೇಳುತ್ತೇನೆ.

ಅಕ್ಕನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ನಾಲ್ಕು ವರ್ಷ. ಮಾತ್ರೆ ತೆಗೆದುಕೊಂಡು, ನಡೆದು, ಎಲ್ಲವನ್ನೂ ಅಳೆದು ತೂಗಿ ತಿಂದು ನಿಭಾಯಿಸಿಕೊಂಡಿದ್ದಳು. ಬೆರಳು ಚುಚ್ಚಿ ನೋಡುವ ಮೆಷಿನ್ ಒಂದನ್ನು ತಂದಿಟ್ಟುಕೊಂಡು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಸಲ, ಊಟವಾಗಿ ಎರಡು ಗಂಟೆಗೆ ಒಂದು ಸಲ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ತಕ್ಕಡಿ ರಿಜಿಸ್ಟರಿನ ಹಾಗೆಯೇ ಗೆರೆ ಎಳೆದು, ತಾರೀಖು ಹಾಕಿ, ಒಂದು ದಿನವೂ ಬಿಡದೆ. ಆ ನೋಟ್‌ಬುಕ್ಕನ್ನು ಮನೆಯಲ್ಲಿ ಯಾರೂ ತೆರೆದು ನೋಡಿರಲಿಲ್ಲ.

ಮೊದಲ ಸಲ 7.1 ಬಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 7.8 ಬಂದಾಗ ಡಾಕ್ಟರು ಮಾತ್ರೆಯನ್ನು ಎರಡು ಪಟ್ಟು ಮಾಡಿದರು, ಮತ್ತು ನನ್ನನ್ನು ಪಕ್ಕಕ್ಕೆ ಕರೆದು, ಇವರ ಬಾಯಿಯ ಮೇಲೆ ಒಂದು ಕಣ್ಣಿಡಿ ಎಂದರು. ಹೇಳಿದ್ದು ಯಾರಿಗೆ? ನನಗೆ. ನನ್ನ ಗಂಡ ಹೇಳುವಂತೆ, ನನಗೆ ಒಂದು ಚಮಚ ಅಧಿಕಾರ ಕೊಟ್ಟರೆ ಸಾಕು, ಬಕೆಟ್ಟು ತುಂಬ ಮಾಡಿಕೊಳ್ಳುತ್ತೇನೆ. ಮರುದಿನದಿಂದ ಮನೆಗೆ ಸಿಹಿ ತರಬಾರದು, ಯಾರೂ ಸಿಹಿ ತಿನ್ನಬಾರದು, ಎಂಬತ್ತರ ಮಾವನಾಗಲಿ ಹತ್ತು ವರ್ಷದ ನನ್ನ ಮಗಳಾಗಲಿ ಎಂದು ಕಟ್ಟಪ್ಪಣೆ ಮಾಡಿದೆ. ಉಳಿದದ್ದು ಟೀಗೆ ಹಾಕುವ ಸಕ್ಕರೆ ಒಂದೇ. ಅದು ಅಡಿಗೆಮನೆಯ ಶೆಲ್ಫಿನ ಮೇಲೆ ಸ್ಟೀಲ್ ಡಬ್ಬಿಯಲ್ಲಿತ್ತು.

ಬೇರೆ ಮನೆಯಲ್ಲಾಗಿದ್ದರೆ ಡಬ್ಬಿಯನ್ನು ಅಲ್ಲಾಡಿಸಿ ನೋಡುತ್ತಿದ್ದರು. ನಮ್ಮದು ತಕ್ಕಡಿ ಮನೆ. ಬೆಳಿಗ್ಗೆ ಟೀ ಮಾಡಿದ ಮೇಲೆ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೆಳಗೆ ಹೋಗಿ, ಅಕ್ಕ ಬರುವ ಮೊದಲು, ಚಿನ್ನ ಬೆಳ್ಳಿಯವರ ಪುಟ್ಟ ತಕ್ಕಡಿಯಲ್ಲಿಟ್ಟು ತೂಗಿ, ಸಂಜೆ ಅಕ್ಕ ಮೇಲೆ ಬಂದಾಗ ಟೀಗೆ ಮುಂಚೆ ಮತ್ತೆ ತೂಗಿದೆ. ಹನ್ನೊಂದು ಗ್ರಾಂ ಕಡಿಮೆ. ಮರುದಿನ ಒಂಬತ್ತು. ಮೂರನೆಯ ದಿನ ಹನ್ನೆರಡು. ನಾಲ್ಕನೆಯ ದಿನ ಊಟಕ್ಕೆ ಎಲ್ಲರೂ ಕೂತಿದ್ದಾಗ ಆ ಮೂರು ದಿನದ ತೂಕವನ್ನು ಒಂದೊಂದಾಗಿ ಓದಿದೆ. ಓದುವಾಗ ನನಗೆ ಒಳಗೊಳಗೆ ಖುಷಿಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಹದಿನಾರು ವರ್ಷ ಎಲ್ಲರ ತಪ್ಪು ಹಿಡಿಯುತ್ತಿದ್ದವಳ ತಪ್ಪನ್ನು ಅವಳದೇ ತಕ್ಕಡಿಯಲ್ಲಿ ಹಿಡಿದಿದ್ದೆ.

ಅಕ್ಕ ತಟ್ಟೆಯಿಂದ ಕೈ ತೆಗೆದು, "ನಾನಲ್ಲ," ಎಂದಳು. ಮತ್ತೆ ಯಾರು, ಇರುವೆಯೇ ಎಂದು ನನ್ನ ಗಂಡ ನಕ್ಕರು. ಮಾವನಿಗೆ ಕೆಮ್ಮು ಬಂತು, ನೀರು ಕೇಳಿದರು. ಅಕ್ಕ ಕೈ ತೊಳೆದು ಎದ್ದು ಹೋದಳು. ಅವಳ ಬೆನ್ನಿಗೆ ಕೇಳುವ ಹಾಗೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂದು ನಾನೇ ಅಂದೆ. ಅಂದೇ ಡಬ್ಬಿಯನ್ನು ನನ್ನ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೀಲಿ ನನ್ನ ಪರ್ಸಿನೊಳಗೆ. ದಿನಾ ಬೆಳಿಗ್ಗೆ ಟೀಗೆ ಬೇಕಾದಷ್ಟನ್ನು ಅಳೆದು ಲೋಟದಲ್ಲಿ ಹೊರಗಿಡುತ್ತಿದ್ದೆ.

ಇಷ್ಟೆಲ್ಲ ಆದ ಮೇಲೆ 8.4.

ಡಾಕ್ಟರು ಇನ್ಸುಲಿನ್ ಚೀಟಿ ಬರೆಯತೊಡಗಿದರು. ಅಕ್ಕ ಕೈಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟು, ಒಮ್ಮೆ ಇದನ್ನು ನೋಡಿ ಎಂದಳು. ಬರಿಹೊಟ್ಟೆಯಲ್ಲಿ ನೂರಾ ಹತ್ತು, ನೂರಾ ಹದಿನೈದು. ಊಟವಾದ ಮೇಲೆ ನೂರಾ ನಲವತ್ತು, ಹೆಚ್ಚೆಂದರೆ ನೂರಾ ಐವತ್ತೈದು. ಇಷ್ಟು ಕಡಿಮೆ ಇದ್ದರೆ ಸರಾಸರಿ ಎಂಟೂವರೆ ಹೇಗೆ ಬಂದೀತು ಎಂದು ಕೇಳಿದಳು. ಡಾಕ್ಟರು ನೋಟ್‌ಬುಕ್ಕನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ತೆರೆಯಲೂ ಇಲ್ಲ.

"ನೋಟ್‌ಬುಕ್ಕಲ್ಲಿ ಯಾರು ಏನು ಬೇಕಾದ್ರೂ ಬರೀಬಹುದಮ್ಮ," ಎಂದರು.

ಅಕ್ಕನ ಕೋಪವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸುತ್ತಿಗೆ ಎಸೆದದ್ದು ನೋಡಿದ್ದೇನೆ, ತಕ್ಕಡಿಗೆ ಸೀಲು ಹಾಕುವ ಇನ್ಸ್‌ಪೆಕ್ಟರನ್ನು ಅಂಗಡಿಯಿಂದ ಇಳಿಸಿದ್ದು ನೋಡಿದ್ದೇನೆ. ಇದು ಹಾಗಿರಲಿಲ್ಲ. ನೋಟ್‌ಬುಕ್ಕನ್ನು ಎತ್ತಿ, ಮಡಚಿದ ಮೂಲೆಯನ್ನು ಹೆಬ್ಬೆರಳಿನಿಂದ ನೇರ ಮಾಡಿ, ಎದ್ದು ನಿಂತಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಸಿಟ್ಟಿಗೆ ಹೀಗಾಗಿದೆ ಎಂದುಕೊಂಡೆ. ಆ ಮುಖ ಎಷ್ಟೋ ತಿಂಗಳಿಂದ ಹಾಗೆಯೇ ಸುಣ್ಣದ ಹಾಗೆ ಇತ್ತು ಎಂದು ಆಗ ನನಗೆ ಹೊಳೆಯಲೇ ಇಲ್ಲ.

"ನಾನು ಬರೆದಿದ್ದು ಸುಳ್ಳು ಅಂತ ತೋರಿಸಿ, ಆಮೇಲೆ ಚುಚ್ಚಿ," ಎಂದಳು. ಚೀಟಿ ತೆಗೆದುಕೊಳ್ಳದೆ ಹೊರಗೆ ನಡೆದಳು. ಚೀಟಿಯನ್ನು ನಾನು ತೆಗೆದುಕೊಂಡು, ಡಾಕ್ಟರಿಗೆ ಕ್ಷಮೆ ಕೇಳುವವಳಂತೆ ನಕ್ಕು ಹಿಂದೆ ಓಡಿದೆ. ಆ ನಗೆ ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮನೆಗೆ ಹೊರಟಳು ಎಂದುಕೊಂಡಿದ್ದೆ. ಅವಳು ಕೆಳಗಿನ ಮಹಡಿಯ ಲ್ಯಾಬಿಗೆ ಹೋದಳು. ಅಲ್ಲಿ ರಕ್ತ ತೆಗೆಯುವ ಹೆಂಗಸು ನಿವೃತ್ತಿಗೆ ಹತ್ತಿರವಾದವರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಊಟದ ಹೊತ್ತಾಗಿತ್ತು, ಅವರ ಡಬ್ಬಿ ಮೇಜಿನ ಮೇಲೆ ಅರ್ಧ ತೆರೆದಿತ್ತು. ಅಕ್ಕ ಅವರ ಮುಂದೆ ತನ್ನ ಮೆಷಿನನ್ನೂ ನೋಟ್‌ಬುಕ್ಕನ್ನೂ ಇಟ್ಟು, ನಿಮ್ಮ ಮೆಷಿನ್ ತಪ್ಪೋ ನನ್ನ ಮೆಷಿನ್ ತಪ್ಪೋ ಈಗಲೇ ಗೊತ್ತಾಗಬೇಕು ಎಂದಳು. ನಾನು ಹಿಂದಿನಿಂದ ಅವಳ ತೋಳು ಎಳೆದೆ. ಬಿಡಿಸಿಕೊಂಡಳು.

ಲ್ಯಾಬಿನ ಮೇಡಂ ಅವಳನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. ಊಟದ ಡಬ್ಬಿ ಮುಚ್ಚಿದರು. ನೋಟ್‌ಬುಕ್ ತೆಗೆದು ಒಂದೊಂದೇ ಹಾಳೆ ತಿರುವಿದರು. ಏನು ಕೆಲಸ ಎಂದು ಕೇಳಿದರು. ತಕ್ಕಡಿ ರಿಪೇರಿ ಎಂದಳು ಅಕ್ಕ. "ಅದಕ್ಕೇ," ಎಂದು ಮೇಡಂ ತಲೆಯಾಡಿಸಿದರು. ಆಮೇಲೆ ಅಕ್ಕನ ತೋಳಿನಿಂದ ರಕ್ತ ತೆಗೆದು, ಅದೇ ನಿಮಿಷಕ್ಕೆ ಬೆರಳನ್ನೂ ಚುಚ್ಚಿಸಿದರು. ಅಕ್ಕನ ಮೆಷಿನ್ 124 ತೋರಿಸಿತು. ಅರ್ಧ ಗಂಟೆ ಬಿಟ್ಟು ಲ್ಯಾಬಿನ ದೊಡ್ಡ ಮೆಷಿನ್ 127 ಎಂದಿತು. ಮೂರು ತಿಂಗಳ ಪರೀಕ್ಷೆಯನ್ನೂ ಮೇಡಂ ಮತ್ತೆ ಹಾಕಿದರು. ಮತ್ತೆ 8.4.

ಎರಡೂ ಸರಿ. ಇನ್ನು ಉಳಿದದ್ದು ಒಂದೇ, ಇವಳೇ ಕದ್ದು ತಿಂದಿದ್ದಾಳೆ ಎಂದುಕೊಂಡೆ. "ಅಕ್ಕ, ಇನ್ನು ಸಾಕು, ಮನೆಗೆ ಹೋಗೋಣ," ಎಂದೆ.

ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಮೇಡಂಗೆ ಹಳೆಯ ಉಪ್ಪಿನ ಜಗಳವೊಂದನ್ನು ಹೇಳತೊಡಗಿದಳು. ಒಬ್ಬ ಸಗಟು ವ್ಯಾಪಾರಿ ಐವತ್ತು ಕಿಲೋ ತೂಗಿ ಕಳಿಸಿದ ಉಪ್ಪಿನ ಮೂಟೆ ಕೊಂಡವನ ತಕ್ಕಡಿಯಲ್ಲಿ ಐವತ್ತೊಂದಾಗಿತ್ತು. ಒಬ್ಬರನ್ನೊಬ್ಬರು ಮೋಸಗಾರ ಎಂದು ಕೈಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು. ಅಕ್ಕ ಎರಡು ಕಡೆಯ ಬಟ್ಟು ನೋಡಿದಳು, ಎರಡು ತಕ್ಕಡಿ ನೋಡಿದಳು. ಎಲ್ಲವೂ ಸರಿ. ಕೊನೆಗೆ ಮೂಟೆಯೊಳಗೆ ಕೈ ಹಾಕಿದರೆ ಉಪ್ಪು ಥಂಡಿ ಕುಡಿದು ಒದ್ದೆಯಾಗಿತ್ತು. ಇಬ್ಬರೂ ಕಳ್ಳರಲ್ಲ.

"ಎರಡೂ ಮೆಷಿನ್ ಸರಿ ಇದೆ. ನಾನೂ ಸರಿ ಇದೀನಿ," ಎಂದಳು. "ಹಾಗಾದ್ರೆ ಮಾಲು ನೋಡಿ ಮೇಡಂ. ನನ್ನ ರಕ್ತದಲ್ಲೇ ಏನೋ ಇದೆ."

ಮೇಡಂ ಎದ್ದು ಬಂದು ಅಕ್ಕನ ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಇಳಿಸಿ ನೋಡಿದರು. ಉಗುರು ಒತ್ತಿ ನೋಡಿದರು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆಯೇ ಎಂದು ಕೇಳಿದರು. ಕಟ್ಟುತ್ತದೆ ಎಂದಳು. ಆಮೇಲೆ ತಿಂಗಳ ಮುಟ್ಟಿನ ಬಗ್ಗೆ ಕೇಳಿದರು. ಅಕ್ಕ ಬಾಗಿಲ ಕಡೆ ನೋಡಿದಳು, ಅಲ್ಲಿ ಯಾರೂ ಇರಲಿಲ್ಲ. ಎಂಟು ತಿಂಗಳಿಂದ ನಿಲ್ಲುತ್ತಿಲ್ಲ, ತಿಂಗಳಿಗೆ ಹದಿನೈದು ದಿನ, ಒಮ್ಮೊಮ್ಮೆ ಇಪ್ಪತ್ತು ದಿನ ಎಂದು ತೀರ ಮೆಲ್ಲಗೆ ಹೇಳಿದಳು. ಈ ವಯಸ್ಸಿಗೆ ಹೀಗೇ ಎಂದುಕೊಂಡಿದ್ದೆ, ನಿಲ್ಲುವ ಮುಂಚೆ ಹೀಗಾಗುತ್ತದೆ ಎಂದು ಯಾರೋ ಅಂದಿದ್ದರು ಎಂದಳು.

ನಾನು ಅಲ್ಲೇ ನಿಂತಿದ್ದೆ. ಅವಳು ಎಂಟು ತಿಂಗಳಿಂದ ಗಾಢ ಬಣ್ಣದ ಬಟ್ಟೆಯನ್ನೇ ಉಡುತ್ತಿದ್ದುದು, ಸ್ಟೂಲಿನ ಮೇಲೆ ಮಡಚಿದ ಹಳೆಯ ಟವೆಲ್ ಹಾಕಿಕೊಳ್ಳುತ್ತಿದ್ದುದು, ನಾವು ಏಳುವ ಮೊದಲೇ ತನ್ನ ಬಟ್ಟೆ ತಾನೇ ಒಗೆದು ಹಾಕುತ್ತಿದ್ದುದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಒಂದೇ ಹಗ್ಗದ ಮೇಲೆ ಅವಳ ಬಟ್ಟೆಯೂ ನನ್ನ ಬಟ್ಟೆಯೂ ಒಣಗುತ್ತವೆ. ಸಕ್ಕರೆ ಡಬ್ಬಿಯಲ್ಲಿ ಒಂಬತ್ತು ಗ್ರಾಂ ಕಡಿಮೆಯಾದದ್ದು ಕಂಡವಳಿಗೆ ಇದು ಕಾಣಲಿಲ್ಲ. ನಾನೂ ಹೆಂಗಸೇ ತಾನೇ.

ಹಿಮೋಗ್ಲೋಬಿನ್ ನೋಡಿದರೆ 7.2. ಹನ್ನೆರಡಾದರೂ ಇರಬೇಕಾಗಿತ್ತು ಎಂದು ಮೇಡಂ ಹೇಳಿದರು. ಮೈಯಲ್ಲಿ ಕಬ್ಬಿಣದಂಶ ಎಷ್ಟಿದೆ ಎಂಬ ಪರೀಕ್ಷೆಗೂ ಅದೇ ರಕ್ತವನ್ನು ಹಾಕಿ, ನಮ್ಮನ್ನು ಕೂರಿಸಿ, ಒಂದು ಕಾಗದದ ಮೇಲೆ ಪುಟ್ಟ ಪುಟ್ಟ ಸುತ್ತು ಬರೆದು ತಿಳಿಸಿದರು. ಈ ಮೂರು ತಿಂಗಳ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು. ಕಣ ಹಳೆಯದಾದಷ್ಟೂ ಹೆಚ್ಚು ಸಕ್ಕರೆ ಅಂಟಿರುತ್ತದೆ. ಕಬ್ಬಿಣ ಇಲ್ಲದ ಮೈಯಲ್ಲಿ ಹೊಸ ಕಣ ಸರಿಯಾಗಿ ಹುಟ್ಟುವುದಿಲ್ಲ, ಹಳೆಯವೇ ಸುತ್ತುತ್ತಿರುತ್ತವೆ. ಆಗ ಸಕ್ಕರೆ ಹೆಚ್ಚಿಲ್ಲದಿದ್ದರೂ ಸರಾಸರಿ ಹೆಚ್ಚು ಬರಬಹುದು. "ಹೇಳಬೇಕಾದವರು ಡಾಕ್ಟ್ರು, ನಾನಲ್ಲ," ಎಂದು ಸೇರಿಸಿದರು. "ಆದ್ರೆ ನಿಮ್ಮ ನೋಟ್‌ಬುಕ್ ಸುಳ್ಳು ಹೇಳ್ತಿಲ್ಲಮ್ಮ."

ಅಕ್ಕ ಆಗ ಅತ್ತಳು. ಕಾಯಿಲೆಗೆ ಅತ್ತದ್ದಲ್ಲ ಎಂದು ನನಗೆ ಗೊತ್ತು.

ರಿಪೋರ್ಟ್ ಬರುವವರೆಗೆ ಕಾರಿಡಾರಿನ ಬೆಂಚಿನ ಮೇಲೆ ಕಾದೆವು. ಅಕ್ಕ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು. ನೋಟ್‌ಬುಕ್ ನನ್ನ ತೊಡೆಯ ಮೇಲಿತ್ತು. ಮೊದಲ ಸಲ ಅದನ್ನು ತೆರೆದು ಓದಿದೆ. ಹಾಳೆಯ ಮೇಲೆ ಹಾಳೆ, ಅಚ್ಚುಕಟ್ಟಾದ ಅಂಕಿಗಳು. ಮಾತ್ರೆ ಎರಡು ಪಟ್ಟಾದ ಮೇಲೆ ಕೆಲವು ದಿನ ಅಂಕಿಗಳು ತೀರ ಇಳಿದಿದ್ದವು. ಎಪ್ಪತ್ತೆಂಟು, ಎಪ್ಪತ್ತೆರಡು. ಒಂದು ಕಡೆ ಕೆಂಪು ಶಾಯಿಯಲ್ಲಿ ಬರೆದಿತ್ತು: "ಮಧ್ಯಾಹ್ನ ಮೂರು. 54. ಕೈ ನಡುಕ, ಬೆವರು, ಕಣ್ಣು ಕತ್ತಲೆ. ಸಕ್ಕರೆ ಎರಡು ಚಮಚ. ಕಾಲು ಗಂಟೆ ಬಿಟ್ಟು 88."

ತಾರೀಖು ನೋಡಿದೆ. ಅಂದು ಮಗಳಿಗೆ ಶೂ ಕೊಡಿಸಲು ನಾನು ಪೇಟೆಗೆ ಹೋಗಿದ್ದೆ, ಬರುವಾಗ ಸಂಜೆ ಆರಾಗಿತ್ತು. ಕೀಲಿ ನನ್ನ ಪರ್ಸಿನಲ್ಲಿತ್ತು. ಸಕ್ಕರೆ ಇಳಿದರೆ ಕೂಡಲೇ ಒಂದಿಷ್ಟು ಸಕ್ಕರೆ ತಿನ್ನಬೇಕು, ಇಲ್ಲದಿದ್ದರೆ ಪ್ರಜ್ಞೆ ತಪ್ಪಬಹುದು ಎಂದು ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ದರು. ಅದನ್ನು ಕೇಳಿಸಿಕೊಂಡೇ ನಾನು ಬೀಗ ಹಾಕಿದ್ದು. ಅದರ ಹಿಂದೆಯೇ ನನ್ನ ಹಾಳು ಮನಸ್ಸು ಇನ್ನೊಂದು ಪ್ರಶ್ನೆ ಎತ್ತಿತು: ಡಬ್ಬಿ ಬೀರುವಿನಲ್ಲಿದ್ದರೆ ಈ ಎರಡು ಚಮಚ ಎಲ್ಲಿಂದ ಬಂತು? ಹಾಗಾದರೆ ಇವಳು ಎಲ್ಲೋ ಬಚ್ಚಿಟ್ಟುಕೊಂಡಿದ್ದಳೇ? ಇಷ್ಟೆಲ್ಲ ಕಣ್ಣಾರೆ ಕಂಡ ಮೇಲೂ, ಅವಳ ಕಣ್ಣೀರು ಒಣಗುವ ಮೊದಲೇ, ನನಗೆ ಬಂದ ಯೋಚನೆ ಅದು. ಗುಲಗಂಜಿಗೆ ತನ್ನ ಕಪ್ಪು ಕಾಣದು ಎನ್ನುತ್ತಾರೆ. ಮಾರುಕಟ್ಟೆಯವರು ಆ ಹೆಸರನ್ನು ತಪ್ಪಿ ಅವಳಿಗಿಟ್ಟಿದ್ದಾರೆ.

ಹೊಸ ರಿಪೋರ್ಟುಗಳನ್ನು ಹಿಡಿದುಕೊಂಡು ಮತ್ತೆ ಮೇಲೆ ಹೋದೆವು. ಡಾಕ್ಟರು ಓದಿದರು. ಎರಡನೆಯ ಸಲ ಓದಿದರು. ಈಗ ಅವರೇ ಕೈ ಚಾಚಿ ನೋಟ್‌ಬುಕ್ ಕೇಳಿದರು, ಕೆಂಪು ಶಾಯಿಯ ಹಾಳೆಯ ಬಳಿ ನಿಂತರು. ಮಾತ್ರೆಯನ್ನು ಮೊದಲಿನಷ್ಟಕ್ಕೇ ಇಳಿಸಿದರು. ಇನ್ಸುಲಿನ್ ಸದ್ಯಕ್ಕೆ ಬೇಡ, ಕಬ್ಬಿಣದಂಶ ತುಂಬಿದ ಮೇಲೆ ಮೂರು ತಿಂಗಳು ಬಿಟ್ಟು ನೋಡೋಣ, ಹೆಂಗಸರ ಡಾಕ್ಟರ ಹತ್ತಿರ ಈ ವಾರವೇ ಹೋಗಿ ಎಂದು ಚೀಟಿ ಬರೆದರು. ಈ ಸಂಖ್ಯೆಯ ಮೇಲೆ ಚುಚ್ಚಿದ್ದರೆ ಅಪಾಯವಾಗುತ್ತಿತ್ತು ಎಂದು ಅವರ ಬಾಯಿಂದ ಬರಲಿಲ್ಲ. ಬಂದದ್ದು ಬೇರೆ ಮಾತು.

"ಇದನ್ನೆಲ್ಲ ಮೊದಲೇ ಹೇಳಬಾರದಿತ್ತೇನಮ್ಮ?"

ಅಕ್ಕ ಚೀಟಿಯನ್ನು ನಾಲ್ಕಾಗಿ ಮಡಚಿದಳು.

"ಮೂರು ಸಲ ಬಂದೆ ಡಾಕ್ಟ್ರೇ. ಮೂರು ಸಲವೂ ಒಳಗೆ ಏನು ಹೋಯ್ತು ಅಂತ ಕೇಳಿದ್ರಿ. ಹೊರಗೆ ಏನು ಹೋಗ್ತಿದೆ ಅಂತ ಒಂದು ಸಲವೂ ಕೇಳಲಿಲ್ಲ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಮುಂದಿನವರನ್ನು ಕಳಿಸಿ ಎಂದರು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ಡಾಕ್ಟರನ್ನು ಬೈದೆ. ಅವರ ಓದನ್ನು ಬೈದೆ, ಅವರ ಪೆನ್ನನ್ನು ಬೈದೆ, ಎರಡು ಬೆರಳಿನಿಂದ ನೋಟ್‌ಬುಕ್ ಸರಿಸಿದ್ದನ್ನು ಮತ್ತೆ ಮತ್ತೆ ಹೇಳಿದೆ. ಬೈದಷ್ಟೂ ನನಗೆ ಹಗುರವಾಗುತ್ತಿತ್ತು. ಮೂರನೆಯ ಸ್ಟಾಪಿನಲ್ಲಿ ಅಕ್ಕ ಕಿಟಕಿಯಿಂದ ಮುಖ ತಿರುಗಿಸಿ, "ಅವರು ಡಾಕ್ಟ್ರು. ನನ್ನನ್ನ ಮೂರು ತಿಂಗಳಿಗೊಂದು ಸಲ ಹತ್ತು ನಿಮಿಷ ನೋಡ್ತಾರೆ," ಎಂದಳು. ಮುಂದಿನದನ್ನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅಂಗಡಿಯಲ್ಲಿ ಮಾವ ಒಬ್ಬರೇ ಇದ್ದರು. ಏನಾಯಿತು ಎಂದು ಕೇಳಿದರು. ಎಲ್ಲವನ್ನೂ ನಾನೇ ಹೇಳಿದೆ, ಮುಟ್ಟಿನ ವಿಷಯವನ್ನೂ ಸೇರಿಸಿ. ಮುಚ್ಚಿಟ್ಟು ಮುಚ್ಚಿಟ್ಟೇ ಈ ಗತಿಯಾಗಿದ್ದು ಎಂಬ ಸಿಟ್ಟು ನನಗೆ. ಪರ್ಸಿನಿಂದ ಬೀರುವಿನ ಕೀಲಿ ತೆಗೆದು ಅಕ್ಕನ ಮುಂದೆ ಬೆಂಚಿನ ಮೇಲಿಟ್ಟೆ. ಆಮೇಲೆ ನಾಲಿಗೆ ತಡೆಯಲಾಗದೆ, ಆ ಐವತ್ನಾಲ್ಕರ ದಿನ ಸಕ್ಕರೆ ಎಲ್ಲಿಂದ ಬಂತು ಎಂದು ಕೇಳಿಯೇ ಬಿಟ್ಟೆ.

ಅಕ್ಕ ಮಾವನ ಕಡೆ ನೋಡಿದಳು. ಮಾವ ಬೆಂಚಿನ ಕೆಳಗಿನ ಡ್ರಾಯರ್ ಎಳೆದು, ಹಳೆಯ ಮಾತ್ರೆ ಬಾಟಲಿ ಒಂದನ್ನು ತೆಗೆದು ತಕ್ಕಡಿಯ ತಟ್ಟೆಯ ಮೇಲಿಟ್ಟರು. ಆ ಬಾಟಲಿಯನ್ನು ನಾನು ನೂರು ಸಲ ನೋಡಿದ್ದೇನೆ. ಮಧ್ಯಾಹ್ನದ ನಿದ್ದೆಯಿಂದ ಎದ್ದು ಅವರು ಅದರಿಂದ ಏನೋ ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿ, ಮರೆಯದೆ ಔಷಧಿ ತೆಗೆದುಕೊಳ್ಳುತ್ತಾರಲ್ಲ ಎಂದು ಮೆಚ್ಚಿಕೊಂಡಿದ್ದೆ. ಅದರಲ್ಲಿ ಅರ್ಧದಷ್ಟು ಸಕ್ಕರೆ ಇತ್ತು.

"ನಾನೇ ಕಣಮ್ಮ," ಎಂದರು ಮಾವ. "ಈ ವಯಸ್ಸಲ್ಲಿ ಬಾಯಿ ಕೇಳಲ್ಲ. ನೀನು ಯಾರೂ ಸಿಹಿ ತಿನ್ನಬಾರದು ಅಂದೆ. ದಿನಾ ಒಂದೆರಡು ಚಮಚ ತಂದು ಇದಕ್ಕೆ ತುಂಬಿಸ್ತಿದ್ದೆ. ಅವತ್ತು ಊಟಕ್ಕೆ ಕೂತಾಗ ನೀನು ಗ್ರಾಂ ಲೆಕ್ಕ ಓದಿದೆಯಲ್ಲ, ಬಾಯಿ ಬಿಡೋಕೆ ನಾಚಿಕೆ ಆಯ್ತು. ನೀನು ಬೀಗ ಹಾಕಿದ ಮೇಲೆ ಪಕ್ಕದ ಅಂಗಡಿಯಿಂದ ತಂದು ತುಂಬಿಸ್ಕೊಳ್ತಿದ್ದೆ."

ಆಮೇಲೆ ಒಂದು ಮಧ್ಯಾಹ್ನ ಅಕ್ಕ ನಡುಗುತ್ತಾ ಮೆಟ್ಟಿಲು ಹತ್ತಿ ಹೋಗಿ, ಬೀರುವಿನ ಬೀಗ ಎಳೆದು ನೋಡಿ, ಹಾಗೇ ಇಳಿದು ಬಂದು ಈ ಬೆಂಚಿನ ಮೇಲೆ ತಲೆಯಿಟ್ಟಳಂತೆ. ಮಾವ ಬಾಟಲಿ ತೆಗೆದು ಅವಳ ಬಾಯಿಗೆ ಸುರಿದರಂತೆ. ನನಗೆ ಕನಿಕರ ಬರಲಿಲ್ಲ. ಮೈಯೆಲ್ಲ ಉರಿಯಿತು. ಸೊಸೆಯ ಮೇಲೆ ಕಳ್ಳಿ ಎಂಬ ಮಾತು ಬಿದ್ದಾಗ ನೀರು ಕೇಳಿ ಕೂತಿದ್ದಿರಲ್ಲ, ಬಟ್ಟು ನೋಡು ತಕ್ಕಡಿ ನೋಡು ಎಂದು ಊರಿಗೆಲ್ಲ ಬೋಧಿಸುವ ನಿಮಗೆ ಮನೆಯಲ್ಲಿ ಬಾಯಿ ಬಿದ್ದು ಹೋಗಿತ್ತೇ ಎಂದು ಕೂಗಾಡಿದೆ. ಬೀದಿಯಲ್ಲಿ ಹೋಗುವವರು ಇಣುಕಿ ನೋಡಿದರು. ಮಾವ ತಲೆ ತಗ್ಗಿಸಿದರು.

"ಸುಮ್ನಿರು," ಎಂದಳು ಅಕ್ಕ. ದನಿ ಏರಿಸಲಿಲ್ಲ. "ಅವರು ಹೇಳಲಿಲ್ಲ, ನಿಜ. ನನಗೂ ಅವರ ಮೇಲೆ ಸಿಟ್ಟಿದೆ. ಆದ್ರೆ ನಾನಲ್ಲ ಅಂತ ನಾನು ಹೇಳಿದ್ನಲ್ಲ. ನಿನಗೆ ಅದು ಸಾಕಾಗಲಿಲ್ಲ. ಈಗ ಕಳ್ಳ ಸಿಕ್ಕಿದ ಮೇಲೆ ನಂಬ್ತೀನಿ ಅಂದ್ರೆ, ಅದು ನನ್ನನ್ನ ನಂಬಿದ ಹಾಗಾಯ್ತಾ?"

ಕೀಲಿಯನ್ನು ನನ್ನ ಕಡೆಗೇ ತಳ್ಳಿದಳು. ಡಬ್ಬಿ ಬೀರುವಿನಲ್ಲೇ ಇರಲಿ, ಮುಗಿದ ಮೇಲೆ ನೀನೇ ತುಂಬಿಸು, ದಿನಾ ತೂಕ ನೋಡು ಎಂದಳು. ಮಾವನ ಬಾಟಲಿಯನ್ನು ತನ್ನ ಸೊಂಟದ ಚೀಲಕ್ಕೆ ಹಾಕಿಕೊಂಡು, ರಿಪೇರಿಗೆ ಬಂದಿದ್ದ ತರಕಾರಿಯವನ ತಕ್ಕಡಿ ಬಿಚ್ಚತೊಡಗಿದಳು.

ಹೆಂಗಸರ ಡಾಕ್ಟರು ಗರ್ಭಕೋಶದಲ್ಲಿ ಗಡ್ಡೆ ಇದೆ, ಕೆಟ್ಟದ್ದೇನಲ್ಲ ಎಂದರು. ತೆಗೆದರು. ಅಕ್ಕ ಎರಡು ವಾರ ಮಲಗಿದ್ದಳು, ಮಾವ ಸ್ಟೂಲಿನ ಮೇಲೆ ಕೂತು ನಡುಗುವ ಕೈಯಲ್ಲಿ ಅಂಗಡಿ ನಡೆಸಿದರು. ಕಬ್ಬಿಣದ ಔಷಧಿಯಿಂದ ಅವಳ ಮುಖಕ್ಕೆ ನಿಧಾನವಾಗಿ ಬಣ್ಣ ಬಂತು. ನಾನು ಊಟ ಕೊಟ್ಟೆ, ಕಾಲು ಒತ್ತಿದೆ, ಬಟ್ಟೆ ಒಗೆದೆ. ಎ‌ಲ್ಲವನ್ನೂ ಮಾಡಿಸಿಕೊಂಡಳು. ಡಬ್ಬಿಯನ್ನು ಶೆಲ್ಫಿನ ಮೇಲೆ ತಂದಿಟ್ಟರೆ ಮಾತ್ರ, ಸಂಜೆಯ ಹೊತ್ತಿಗೆ ಅದು ಮತ್ತೆ ನನ್ನ ಬೀರುವಿನ ಮುಂದೆ ನೆಲದ ಮೇಲಿರುತ್ತಿತ್ತು.

ಮೂರು ತಿಂಗಳ ಪರೀಕ್ಷೆಯ ರಿಪೋರ್ಟು ತರಲು ಅವಳು ಒಬ್ಬಳೇ ಹೋದಳು. ನನ್ನನ್ನು ಕರೆಯಲಿಲ್ಲ. ನಾನು ಇಡೀ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತಿದ್ದೆ. ನಾಲ್ಕು ಗಂಟೆಗೆ ಬಂದಳು, ಕವರನ್ನು ಬೆಂಚಿನ ಮೇಲಿಟ್ಟು ಕೈ ತೊಳೆದುಕೊಂಡಳು.

"ಎಷ್ಟು ಬಂತಕ್ಕ?" ಎಂದು ಕೇಳಿದೆ.

"ನಾನು ಹೇಳ್ಲಾ, ಕವರ್ ತೆಗೆದು ನೀನೇ ನೋಡ್ತೀಯಾ?"

"ನೀನು ಹೇಳು."

ಅವಳು ಹೇಳಿದಳು. ಕವರು ನನ್ನ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಮುಟ್ಟಲಿಲ್ಲ. ಮೇಲೆ ಹೋಗಿ ಟೀ ಮಾಡಿದೆ, ಬೀರುವಿನಿಂದ ಡಬ್ಬಿ ತಂದು ಶೆಲ್ಫಿನ ಮೇಲಿಟ್ಟೆ. ಸಂಜೆಗೆ ಅದು ಅಲ್ಲೇ ಇತ್ತು. ಎಷ್ಟು ಬಂತೆಂದು ನಾನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಅಂಗಡಿಗೆ ಹೋಗಿ ಅವಳನ್ನೇ ಕೇಳಿ, ಅವಳು ಹೇಳಿದ್ದನ್ನು ನಂಬಿ.